ಕುವೈಟ್‌ನಲ್ಲಿ ಜಿಯೋಕ್ಯಾಶಿಂಗ್: ಗೆಳೆಯರ ಜೊತೆ ನಡಿಗೆಗೆ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಶುಕ್ರವಾರ ಅಂದರೆ ಏನು ಅಂತ ಇಲ್ಲಿರುವ ನಮಗೆಲ್ಲ ಗೊತ್ತೇ ಇದೆ. ಬೆಳಿಗ್ಗೆ ಬಟ್ಟೆ ಒಗೆಯುವುದು, ಊರಿಗೆ ಫೋನ್ ಮಾಡುವುದು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೇಲೊಂದು ನಿದ್ದೆ. ಸಂಜೆ ಮಾಲ್ ಸುತ್ತಿ ಬಂದರೆ ವಾರ ಮುಗಿಯಿತು. ನಾನು ಕುವೈಟ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು. ಅದರಲ್ಲಿ ಮೊದಲ ಹತ್ತು ವರ್ಷ ನನಗೆ ಗೊತ್ತಿದ್ದ ಕುವೈಟ್ ಎಂದರೆ ಅಬ್ಬಾಸಿಯಾದ ರೂಮು, ಶುವೈಖ್‌ನ ಆಫೀಸು ಮತ್ತು ವಿಮಾನ ನಿಲ್ದಾಣ, ಇಷ್ಟೇ. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಹೆಚ್ಚು ಯಾಕೆ ಬೇಕು ಅಂತ ನಾನೂ ಸುಮ್ಮನಿದ್ದೆ.

ನಾಲ್ಕು ವರ್ಷದ ಹಿಂದೆ ನಾವು ಐದು ಜನ ಗೆಳೆಯರು ಸೇರಿ ಚಳಿಗಾಲದ ಶುಕ್ರವಾರಗಳಲ್ಲಿ ನಡೆಯಲು ಶುರು ಮಾಡಿದೆವು. ಬರೀ ನಡೆಯುವುದು ಎರಡೇ ವಾರಕ್ಕೆ ಬೇಜಾರಾಯಿತು. ಆಗ ನಮ್ಮಲ್ಲಿ ಕಿರಿಯವನಾದ ಭಟ್ಕಳದ ಹುಡುಗ ಮೊಬೈಲ್ ತೋರಿಸಿ "ಅಣ್ಣ, ಜಿಯೋಕ್ಯಾಶಿಂಗ್ ಅಂತ ಒಂದು ಆಟ ಇದೆ, ನೋಡೋಣವಾ?" ಅಂದ. ಅಲ್ಲಿಂದ ಶುರುವಾದದ್ದು. ಈ ಆಟದ ಬಗ್ಗೆ ಕನ್ನಡದಲ್ಲಿ ಮಾಹಿತಿ ಕಡಿಮೆ. ಕುವೈಟ್‌ನಲ್ಲಿ ಆಡುವವರು ತಿಳಿದಿರಲೇಬೇಕಾದ ಕೆಲವು ವಿಷಯಗಳಂತೂ ಬೇರೆ ದೇಶದವರು ಬರೆದ ವಿವರಣೆಗಳಲ್ಲಿ ಸಿಗುವುದಿಲ್ಲ. ಅದಕ್ಕೇ ಈ ಬರಹ.

ಏನಿದು ಜಿಯೋಕ್ಯಾಶಿಂಗ್?

ಸರಳವಾಗಿ ಹೇಳುವುದಾದರೆ ಇದು ನಿಧಿ ಹುಡುಕುವ ಆಟ. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಒಂದು ಕಡೆ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಮೊಬೈಲಿನ ಜಿಪಿಎಸ್ ಹಿಡಿದು ಅದನ್ನು ಹುಡುಕುತ್ತಾರೆ. ಡಬ್ಬಿಯೊಳಗೆ ಒಂದು ಚಿಕ್ಕ ಪುಸ್ತಕ ಅಥವಾ ಕಾಗದದ ಸುರುಳಿ ಇರುತ್ತದೆ. ಸಿಕ್ಕವರು ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇಟ್ಟು ಬರಬೇಕು. ಆಮೇಲೆ ಜಾಲತಾಣದಲ್ಲಿ "ಸಿಕ್ಕಿತು" ಅಂತ ದಾಖಲಿಸಬೇಕು. ಡಬ್ಬಿಯಲ್ಲಿ ಸಣ್ಣಪುಟ್ಟ ಆಟಿಕೆ, ನಾಣ್ಯ ಇದ್ದರೆ ತೆಗೆದುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕಬೇಕು. ನನ್ನ ಭಾಷೆಯಲ್ಲಿ ಹೇಳುವುದಾದರೆ ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು.

ಈ ಆಟ ಹುಟ್ಟಿದ ದಿನಾಂಕ ನಿಖರವಾಗಿ ದಾಖಲಾಗಿದೆ. ಅಮೆರಿಕದ ಸೇನೆ ನಡೆಸುವ ಜಿಪಿಎಸ್ ವ್ಯವಸ್ಥೆಯಲ್ಲಿ ಸಾರ್ವಜನಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಮೊದಲೆಲ್ಲ ಬೇಕಂತಲೇ ಕೆಡಿಸಿ ಕಳುಹಿಸುತ್ತಿದ್ದರು. ಹಾಗಾಗಿ ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಸರ್ಕಾರ 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಆ ಅಡ್ಡಿಯನ್ನು ತೆಗೆಯಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು ಅದರ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಒಳಗೆ ಪುಸ್ತಕ, ಸ್ವಲ್ಪ ಹಣ, ಒಂದು ಬೀನ್ಸ್ ಟಿನ್ ಎಲ್ಲ ಇತ್ತಂತೆ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಮೊದಲು ಹುಡುಕಿದರು. ಅದೇ ತಿಂಗಳ ಕೊನೆಯಲ್ಲಿ ಮ್ಯಾಟ್ ಸ್ಟಮ್ ಎಂಬವರು "ಜಿಯೋಕ್ಯಾಶಿಂಗ್" ಎಂಬ ಹೆಸರು ಸೂಚಿಸಿದರು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಆರಂಭಿಸಿದರು. ಇವತ್ತು ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ಯುರೋಪ್, ಅಮೆರಿಕದಲ್ಲಿ ಹೆಜ್ಜೆಗೊಂದು ಎಂಬಷ್ಟು ಇದ್ದರೆ ನಮ್ಮ ಕೊಲ್ಲಿ ದೇಶಗಳಲ್ಲಿ ಕಡಿಮೆ. ಕುವೈಟ್‌ನಲ್ಲೂ ಕೆಲವು ಇವೆ. ಆಪ್ ತೆರೆದರೆ ನಕ್ಷೆಯಲ್ಲಿ ಕಾಣುತ್ತವೆ.

ಆಟದ ಮುಖ್ಯ ನಿಯಮಗಳು

1. ಡಬ್ಬಿಯನ್ನು ನೆಲ ಅಗೆದು ಹೂಳುವಂತಿಲ್ಲ. ಕಲ್ಲಿನ ಸಂದಿ, ಮರದ ಬುಡದಂಥ ಜಾಗದಲ್ಲಿ ಇಡಬೇಕು.

2. ಜಾಗದ ಮಾಲೀಕರ ಅಥವಾ ಉಸ್ತುವಾರಿಯವರ ಅನುಮತಿ ಬೇಕು. ಸೇನಾ ಪ್ರದೇಶ, ವಿಮಾನ ನಿಲ್ದಾಣ, ಶಾಲೆ ಇಂಥ ಕಡೆ ಇಡಬಾರದು.

3. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು. ಇದು ಒಂದು ಮೈಲಿಯ ಹತ್ತನೇ ಒಂದು ಭಾಗ.

4. ತಿಂಡಿ, ಮದ್ಯ, ಚೂರಿ, ಪಟಾಕಿ ಯಾವುದನ್ನೂ ಒಳಗೆ ಇಡುವಂತಿಲ್ಲ.

5. ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತದೆ. ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ನಡೆದು ಹೋಗುವ ದಾರಿ ಎಷ್ಟು ಕಷ್ಟ ಎಂಬುದಕ್ಕೆ 1ರಿಂದ 5ರವರೆಗೆ. ಹೊಸಬರು ಎರಡೂ ಅಂಕ 2ಕ್ಕಿಂತ ಕಡಿಮೆ ಇರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು.

6. ಬರುವಾಗ ದಾರಿಯ ಕಸ ಹೆಕ್ಕಿ ತರುವುದು ಈ ಆಟದವರ ಹಳೆಯ ಪದ್ಧತಿ.

ಡಬ್ಬಿಗಳಲ್ಲಿ ಬೆರಳ ತುದಿಯಷ್ಟು ಚಿಕ್ಕವೂ ಇವೆ, ಬಕೆಟಿನಷ್ಟು ದೊಡ್ಡವೂ ಇವೆ. ಡಬ್ಬಿಯೇ ಇಲ್ಲದ ವಿಧವೂ ಇದೆ. ಕುವೈಟ್‌ಗೆ ನಿಜವಾಗಿ ಒಗ್ಗುವುದು ಅದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಕಿ ಓದುವುದು ಹೇಗೆ?

ಇಲ್ಲಿ ನಮ್ಮಂಥ ಲೆಕ್ಕದವರೂ ಮುಗ್ಗರಿಸುತ್ತೇವೆ. ಒಂದೇ ಜಾಗವನ್ನು ಎರಡು ಮೂರು ರೀತಿಯಲ್ಲಿ ಬರೆಯಬಹುದು. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ಮಿನಿಟ್‌ನಲ್ಲಿ ಬರೆಯುತ್ತಾರೆ: ಉತ್ತರ 29° 22.500′, ಪೂರ್ವ 47° 58.800′. ಗೂಗಲ್ ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಬರುವುದು ಬರೀ ಡಿಗ್ರಿಯ ದಶಮಾಂಶ: 29.375, 47.980. ಎರಡೂ ಒಂದೇ ಜಾಗ, ಕುವೈಟ್ ಸಿಟಿಯ ನಡುಮಧ್ಯೆ. ಮಿನಿಟ್‌ಗಳನ್ನು 60ರಿಂದ ಭಾಗಿಸಿದರೆ ದಶಮಾಂಶ ಸಿಗುತ್ತದೆ. 22.5 ಭಾಗಿಸು 60 ಅಂದರೆ 0.375. ಅಷ್ಟೇ ಲೆಕ್ಕ.

ನಾವು ಮೊದಲ ಸಲ ಹೊರಟಾಗ ಈ ಭಾಗಾಕಾರ ಮಾಡಲಿಲ್ಲ. ಮಧ್ಯದ ಚಿಹ್ನೆ ತೆಗೆದು 29.225, 47.588 ಅಂತ ಒತ್ತಿದೆವು. ನೋಡಿ ಮಾರಾಯ್ರೇ, ಫೋನು ನಮ್ಮನ್ನು ಜಹ್ರಾದ ಆಚೆ ಮರುಭೂಮಿಗೆ ಕರೆದುಕೊಂಡು ಹೊರಟಿತು. ಆಮೇಲೆ ಲೆಕ್ಕ ಹಾಕಿದರೆ ತಪ್ಪು ದಕ್ಷಿಣಕ್ಕೆ ಸುಮಾರು 16.6 ಕಿಲೋಮೀಟರ್, ಪಶ್ಚಿಮಕ್ಕೆ 38 ಕಿಲೋಮೀಟರ್. ಬ್ಯಾಲೆನ್ಸ್ ಶೀಟಿನಲ್ಲಿ ಇಂಥ ತಪ್ಪು ಮಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ನೆನಪಿಡಲು ಕೆಲವು ಅಳತೆಗಳು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಒಂದು ಮಿನಿಟ್ 1.85 ಕಿಲೋಮೀಟರ್. ಮಿನಿಟ್‌ನ ಮೂರನೇ ದಶಮಾಂಶ ಅಂಕಿ ಒಂದು ಬದಲಾದರೆ ಉತ್ತರ-ದಕ್ಷಿಣಕ್ಕೆ 1.85 ಮೀಟರ್ ವ್ಯತ್ಯಾಸ. ರೇಖಾಂಶ ರೇಖೆಗಳು ಧ್ರುವದ ಕಡೆಗೆ ಹತ್ತಿರವಾಗುತ್ತಾ ಹೋಗುವುದರಿಂದ ಕುವೈಟ್‌ನಲ್ಲಿ ಪೂರ್ವ-ಪಶ್ಚಿಮಕ್ಕೆ ಅದೇ ಒಂದು ಅಂಕಿ ಸುಮಾರು 1.6 ಮೀಟರ್ ಮಾತ್ರ. ಮೊಬೈಲಿನ ಜಿಪಿಎಸ್ ತೆರೆದ ಆಕಾಶದ ಕೆಳಗೆ ಸುಮಾರು 5 ಮೀಟರ್‌ವರೆಗೆ ಸರಿಯಾಗಿ ತೋರಿಸುತ್ತದೆ. ಅಂದರೆ ಬಾಣ ತೋರಿಸಿದ ಜಾಗದ ಸುತ್ತ ನಾಲ್ಕು ಹೆಜ್ಜೆ ನಾವೇ ಹುಡುಕಬೇಕು. ಎತ್ತರದ ಕಟ್ಟಡಗಳ ನಡುವೆ ಇದಕ್ಕಿಂತ ಹೆಚ್ಚು ತಪ್ಪು ಬರುತ್ತದೆ.

ಇನ್ನೊಂದು ಮಾತು. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಸಿಮ್ ಇಲ್ಲದ ಫೋನಿಗೂ ಸಿಗುತ್ತದೆ. ಇಂಟರ್ನೆಟ್ ಬೇಕಾಗುವುದು ನಕ್ಷೆಗೆ. ಹಾಗಾಗಿ ಹೊರಡುವ ಮುನ್ನ ಕುವೈಟ್‌ನ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಕೊಲ್ಲಿಯಲ್ಲಿ ಉದ್ವಿಗ್ನತೆ ಇರುವ ದಿನಗಳಲ್ಲಿ ಜಿಪಿಎಸ್ ಸಂಕೇತಕ್ಕೆ ಅಡ್ಡಿಯಾಗುವುದುಂಟು. ಬಾಣ ಇದ್ದಕ್ಕಿದ್ದ ಹಾಗೆ ಸಮುದ್ರದ ಕಡೆ ಓಡಿದರೆ ನಂಬಬೇಡಿ, ವಾಪಸ್ ಬನ್ನಿ.

ಮುತ್ಲಾದಲ್ಲಿ ನಡೆದ ಸಂಗತಿ

ಇನ್ನು ಈ ಬರಹದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕುವೈಟ್ ಪೂರ್ತಿ ಸಪಾಟು ಅಂತ ನಾವು ತಿಳಿದುಕೊಂಡಿರುತ್ತೇವೆ. ಆದರೆ ಸಿಟಿಯಿಂದ 80ನೇ ಹೆದ್ದಾರಿಯಲ್ಲಿ ಜಹ್ರಾ ದಾಟಿ ಹೋದರೆ ಮುತ್ಲಾದ ದಿಬ್ಬ ಸಿಗುತ್ತದೆ. ಕುವೈಟ್ ಕೊಲ್ಲಿಯ ಉತ್ತರ ದಡದ ಉದ್ದಕ್ಕೂ ಜಾಲ್ ಅಜ್ಜೋರ್ ಎಂಬ ಕಡಿದಾದ ಅಂಚು ಚಾಚಿಕೊಂಡಿದೆ. ನಮ್ಮ ಘಟ್ಟದ ಮುಂದೆ ಅದು ಏನೂ ಅಲ್ಲ, ಆದರೂ ವರ್ಷಗಟ್ಟಲೆ ಗುಡ್ಡೆ ನೋಡದ ಕಣ್ಣಿಗೆ ಅದೇ ದೊಡ್ಡದು. ಮಳೆ ಚೆನ್ನಾಗಿ ಬಂದ ವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ಅಲ್ಲಲ್ಲಿ ಹಸಿರು ಕಾಣುತ್ತದೆ. ಅರ್ಫಜ್ ಎಂಬ ಹಳದಿ ಹೂವಿನ ಗಿಡ ಸಿಗುತ್ತದೆ, ಅದು ಕುವೈಟ್‌ನ ರಾಷ್ಟ್ರೀಯ ಹೂವು.

ನಮ್ಮ ಮೊದಲ ಚಳಿಗಾಲದಲ್ಲಿ ಆ ಕಡೆ ಹೋಗಿದ್ದೆವು. ನಮ್ಮಲ್ಲೊಬ್ಬರು ಹಿಂದಿನ ವಾರವೇ ಹೋಗಿ ಒಂದು ಡಬ್ಬಿ ಇಟ್ಟು ಬಂದಿದ್ದರು. ಉಳಿದ ನಾಲ್ವರು ಹುಡುಕಬೇಕು. ಫೋನಿನಲ್ಲಿ "8 ಮೀಟರ್" ಅಂತ ಬಂತು. ಮುಂದೆ ಹೋಗುತ್ತಿದ್ದ ಭಟ್ಕಳದ ಹುಡುಗ "ಸಿಕ್ತು ಸಿಕ್ತು" ಅಂತ ಕೂಗಿ ಬಗ್ಗಿದ. ಮರಳಿನಿಂದ ತುಕ್ಕು ಹಿಡಿದ ಕಬ್ಬಿಣದ ಏನೋ ಒಂದು, ಡಬ್ಬಿಯ ಮುಚ್ಚಳದ ಹಾಗೆ, ಅರ್ಧ ಮೇಲೆ ಕಾಣುತ್ತಿತ್ತು.

"ಮುಟ್ಟಬೇಡ ಮಾರಾಯ! ಅಲ್ಲೇ ನಿಲ್ಲು!"

ಕೂಗಿದ್ದು ನಮ್ಮ ಜೊತೆಗಿದ್ದ ಪುತ್ತೂರಿನ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುವುದು. ಡ್ರೈವರ್ ಕೆಲಸ. 1990ರಲ್ಲಿ ಅವರು ಇಲ್ಲೇ ಇದ್ದವರು. ಆಗ 20 ದಾಟಿದ ಪ್ರಾಯ. ಆ ವರ್ಷ ಆಗಸ್ಟ್ 2ರಂದು ಇರಾಕ್ ಸೇನೆ ನುಗ್ಗಿದ ಮೇಲೆ ಬಸ್ಸಿನಲ್ಲಿ ಇರಾಕ್ ಮೂಲಕ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಹೋದವರು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಹಾಗೆ ಊರು ಸೇರಿದರು. ಕಾಕಾ ಮತ್ತೆ ಕುವೈಟ್‌ಗೆ ವಾಪಸ್ ಬಂದದ್ದು ಎಲ್ಲ ಮುಗಿದ ಮೇಲೆ.

ಹುಡುಗನ ಕೈ ಆ ಕಬ್ಬಿಣಕ್ಕೆ ಒಂದು ಗೇಣು ದೂರ ಇತ್ತು. ಅವನು ಹಾಗೇ ನಿಂತ. ಕಾಕಾ ಹೇಳಿದ ಹಾಗೆ ನಾವೆಲ್ಲ ಬಂದ ಹೆಜ್ಜೆ ಗುರುತಿನ ಮೇಲೆಯೇ ಒಬ್ಬರ ಹಿಂದೆ ಒಬ್ಬರು ವಾಪಸ್ ಬಂದು ಕಾರಿನ ಹತ್ತಿರ ನಿಂತೆವು. 112ಕ್ಕೆ ಫೋನ್ ಮಾಡಿ ಅಂಕಿ ಹೇಳಿದೆವು. ಗಸ್ತಿನವರು ಬಂದು ದೂರದಿಂದ ನೋಡಿ, ನಮ್ಮ ಸಿವಿಲ್ ಐಡಿ ನೋಡಿ, ಮನೆಗೆ ಹೋಗಿ ಅಂದರು. ಅದು ಹಳೆಯ ಶೆಲ್ ಇರಬಹುದು, ಬರೀ ಆಯಿಲ್ ಡಬ್ಬಿಯೂ ಇರಬಹುದು. ಎತ್ತಿ ನೋಡಿ ತಿಳಿದುಕೊಳ್ಳುವ ಸಂಗತಿ ಅದಲ್ಲ. ನಮ್ಮ ಡಬ್ಬಿ, ನೀಲಿ ಬಣ್ಣದ ಪ್ಲಾಸ್ಟಿಕ್ ಟಿಫಿನ್ ಬಾಕ್ಸ್, ಐದಾರು ಮೀಟರ್ ಆಚೆ ಕಲ್ಲಿನ ಮರೆಯಲ್ಲಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಜಹ್ರಾ ದಾಟಿದ ಮೇಲೆ ಕಾಕಾ ಒಂದೇ ಮಾತು ಹೇಳಿದರು: "ಇದು ನಮ್ಮೂರ ಗುಡ್ಡೆ ಅಲ್ಲ. ಇಲ್ಲಿ ಕಂಡದ್ದೆಲ್ಲ ಹೆಕ್ಕುವ ಹಾಗಿಲ್ಲ."

ಕುವೈಟ್‌ನ ಮರುಭೂಮಿ ಯಾಕೆ ಬೇರೆ?

ಏಳು ತಿಂಗಳ ಆಕ್ರಮಣದಲ್ಲಿ ಇರಾಕ್ ಸೇನೆ ಇಲ್ಲಿನ ಮರುಭೂಮಿ ಮತ್ತು ಕಡಲ ತೀರದಲ್ಲಿ ಹೂತ ನೆಲಬಾಂಬ್‌ಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ವಿಮಾನದಿಂದ ಬಿದ್ದ ಕ್ಲಸ್ಟರ್ ಬಾಂಬ್‌ಗಳಲ್ಲಿ ಸಿಡಿಯದೆ ಉಳಿದ ಚಿಕ್ಕ ಚಿಕ್ಕ ಗುಂಡುಗಳೂ ಸೇರಿಕೊಂಡವು. 1991ರ ಫೆಬ್ರವರಿ ಕೊನೆಯಲ್ಲಿ ಹಿಮ್ಮೆಟ್ಟುತ್ತಿದ್ದ ಸೇನೆಯ ವಾಹನಗಳ ಸಾಲು ಬಾಂಬ್ ದಾಳಿಗೆ ಸಿಕ್ಕಿದ್ದು ಇದೇ ಮುತ್ಲಾ ರಸ್ತೆಯಲ್ಲಿ. "ಸಾವಿನ ಹೆದ್ದಾರಿ" ಅಂತ ಜಗತ್ತಿನ ಪತ್ರಿಕೆಗಳು ಕರೆದ 80ನೇ ಹೆದ್ದಾರಿ ಇದೇ.

ಯುದ್ಧ ಮುಗಿದ ಮೇಲೆ ಹಲವು ದೇಶಗಳ ತಂಡಗಳು ಬಂದು ನೆಲವನ್ನು ಶುಚಿ ಮಾಡಿದವು. ಬಹುಪಾಲು ತೆಗೆದಿದ್ದಾರೆ. ಆದರೂ ಜೋರು ಮಳೆಗೆ, ಗಾಳಿಗೆ ಮರಳು ಸರಿದಾಗ ಹಳೆಯದು ಮೇಲೆ ಬರುವುದಿದೆ. ಆಟವಾಡುವವರಿಗೆ ಸಮಸ್ಯೆ ಇರುವುದು ಇಲ್ಲೇ. ಜಿಯೋಕ್ಯಾಶಿಂಗ್ ನಮಗೆ ಕಲಿಸುವುದು ಏನು? ವಿಚಿತ್ರವಾಗಿ ಕಂಡದ್ದನ್ನು ಎತ್ತಿ ನೋಡು, ಸಂದಿಗೆ ಕೈ ಹಾಕು, ಅಡಗಿಸಿಟ್ಟದ್ದನ್ನು ತೆಗೆ. ಕುವೈಟ್‌ನ ಮರುಭೂಮಿಯಲ್ಲಿ ಬದುಕಿ ಬರಲು ಕಲಿಯಬೇಕಾದದ್ದು ಇದಕ್ಕೆ ಪೂರ್ತಿ ತಿರುಗು ಮುರುಗು. ಸಂದಿಯಲ್ಲಿ ಚೇಳು, ಕೊಂಬಿನ ಮಂಡಲದ ಹಾವು ಇರಬಹುದು ಎಂಬುದು ಬೇರೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಆ ದಿನದಿಂದ ಒಂದೇ ನಿಯಮ: ತೆರೆದ ಮರುಭೂಮಿಯಲ್ಲಿ ಡಬ್ಬಿ ಇಡುವುದೂ ಇಲ್ಲ, ಎತ್ತುವುದೂ ಇಲ್ಲ. ಆಟ ಬಿಟ್ಟಿಲ್ಲ, ಡಬ್ಬಿ ಬಿಟ್ಟಿದ್ದೇವೆ.

ಡಬ್ಬಿ ಇಲ್ಲದ ಆಟ

ಜಿಯೋಕ್ಯಾಶಿಂಗ್‌ನಲ್ಲಿ "ಅರ್ತ್‌ಕ್ಯಾಶ್" ಅಂತ ಒಂದು ವಿಧ 2004ರಿಂದ ಇದೆ. ಅಲ್ಲಿ ಡಬ್ಬಿ ಇರುವುದಿಲ್ಲ. ಅಂಕಿ ಹಿಡಿದು ಒಂದು ಜಾಗಕ್ಕೆ ಹೋಗಬೇಕು, ಅಲ್ಲಿನ ಬಂಡೆ, ಮಣ್ಣು, ದಡ ನೋಡಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳುಹಿಸಬೇಕು. ದಿಬ್ಬದ ಪದರಗಳು ಎಷ್ಟು ಬಣ್ಣದಲ್ಲಿವೆ, ಗಾಳಿ ಯಾವ ಕಡೆಯಿಂದ ಕೊರೆದಿದೆ, ಇಂಥ ಪ್ರಶ್ನೆಗಳು. ಕೈ ಜೇಬಿನಲ್ಲೇ ಇರುತ್ತದೆ, ಕೆಲಸ ಮಾಡುವುದು ಕಣ್ಣು. ನಾವು ನಮ್ಮೊಳಗೇ ಇದೇ ರೀತಿ ಆಡುತ್ತೇವೆ. ವಾರಕ್ಕೊಬ್ಬರು ರಸ್ತೆಯ ಹತ್ತಿರದ, ವಾಹನ ಓಡಾಡಿ ಗಟ್ಟಿಯಾದ ದಾರಿಯ ಮೇಲಿನ ಒಂದು ಜಾಗ ಆರಿಸಿ ಮೂರು ಪ್ರಶ್ನೆ ಬರೆದು ಕಳುಹಿಸುತ್ತಾರೆ. ಸರಿ ಉತ್ತರ ಕೊಟ್ಟವರಿಗೆ ಅವತ್ತಿನ ಚಹಾ ಫ್ರೀ.

ಊರೊಳಗಿನ ಒಂದು ನಡಿಗೆಯ ಮಾದರಿ

ಕಾರಿಲ್ಲದವರು, ಹೆಂಡತಿ ಮಕ್ಕಳ ಜೊತೆ ಇರುವವರು ಮರುಭೂಮಿಗೆ ಹೋಗಬೇಕಂತಲೇ ಇಲ್ಲ. ಕುವೈಟ್ ಸಿಟಿಯ ಹಳೆಯ ಕೋಟೆ ಗೋಡೆಯ ಜಾಡು ಹಿಡಿದು ನಡೆಯುವುದು ನಮ್ಮ ಮೆಚ್ಚಿನ ಆಟ.

1920ರಲ್ಲಿ ಮರುಭೂಮಿಯ ಕಡೆಯಿಂದ ದಾಳಿಯ ಭಯ ಬಂದಾಗ ಊರಿನ ಜನರೇ ಸೇರಿ ಪಟ್ಟಣದ ಸುತ್ತ ಮಣ್ಣಿನ ಗೋಡೆ ಕಟ್ಟಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜಹ್ರಾದಲ್ಲಿ ಯುದ್ಧವೂ ಆಯಿತು. ಅಲ್ಲಿನ ಕೆಂಪು ಕೋಟೆ ಈಗಲೂ ಇದೆ. ಎಣ್ಣೆಯ ಹಣ ಬಂದು ಪಟ್ಟಣ ಬೆಳೆದಾಗ 1957ರಲ್ಲಿ ಗೋಡೆಯನ್ನು ಕೆಡವಿದರು, ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆಗೆ ಅರಬಿಯಲ್ಲಿ "ಸೂರ್" ಅನ್ನುತ್ತಾರೆ. ನಾವು ದಿನಾ ಬಸ್ಸಿನಲ್ಲಿ ಹೋಗುವ ಸೂರ್ ಸ್ಟ್ರೀಟ್ ಅಂದರೆ ಗೋಡೆ ಬೀದಿ. ಶೆರಟಾನ್ ರೌಂಡ್‌ಅಬೌಟ್ ಮಧ್ಯೆ ನಿಂತಿರುವ ಹಳೆಯ ಕಟ್ಟಡ ಆ ಗೋಡೆಯ ಜಹ್ರಾ ಬಾಗಿಲು. ಅದರ ಪಕ್ಕದಲ್ಲೇ ಹತ್ತು ವರ್ಷ ಬಸ್ಸು ಹಿಡಿದ ನನಗೆ ಅದು ಏನು ಅಂತ ಗೊತ್ತಿರಲಿಲ್ಲ!

ಅಲ್ಲಿಂದ ಗೋಡೆಯ ಜಾಡಿನಲ್ಲೇ ಅಲ್ ಶಹೀದ್ ಪಾರ್ಕ್ ಕಡೆಗೆ ನಡೆಯಬಹುದು. ಮೂರು ಕಿಲೋಮೀಟರ್ ಆಸುಪಾಸು. 2015ರಲ್ಲಿ ತೆರೆದ ಆ ಪಾರ್ಕಿನಲ್ಲಿ ಕುವೈಟ್ ಕಂಡ ಯುದ್ಧಗಳ ನೆನಪಿನ ಮ್ಯೂಸಿಯಂ ಇದೆ. ಈ ನಡಿಗೆಗೆ ನಾನು ಮಾಡಿದ ಲೆಕ್ಕ ಹೀಗಿತ್ತು: ಗೋಡೆ ಕೆಡವಿದ ವರ್ಷದಿಂದ ಕಟ್ಟಿದ ವರ್ಷ ಕಳೆಯಿರಿ. 1957ರಿಂದ 1920 ಕಳೆದರೆ 37. ಆ 37ನ್ನು ಮುಂದಿನ ಅಂಕಿಯ ಖಾಲಿ ಜಾಗದಲ್ಲಿ ತುಂಬಿದರೆ ಮುಂದಿನ ನಿಲ್ದಾಣ ಸಿಗುತ್ತದೆ. ಮಕ್ಕಳಿಗೆ ಇದು ತುಂಬ ಇಷ್ಟ. ಶಾಲೆಯಲ್ಲಿ ಓದದ ಕುವೈಟ್ ಚರಿತ್ರೆ ಕಾಲಿನಿಂದ ಕಲಿಯುತ್ತಾರೆ.

ಊರೊಳಗೂ ಡಬ್ಬಿ ಇಡುವಾಗ ಎಚ್ಚರ ಬೇಕು. ಸಾರ್ವಜನಿಕ ಜಾಗದಲ್ಲಿ ಅಡಗಿಸಿಟ್ಟ ಡಬ್ಬಿಯನ್ನು ನೋಡಿದವರು ಬಾಂಬ್ ಅಂತ ಭಯಪಟ್ಟರೆ ಅದು ಅವರ ತಪ್ಪಲ್ಲ. ನಾವು ಡಬ್ಬಿ ಇಡುವುದಿದ್ದರೆ ಪರಿಚಯದ ಬಕಾಲಾದವರ ಹತ್ತಿರ ಅಥವಾ ಗೆಳೆಯರ ಮನೆ ಬಾಗಿಲಲ್ಲಿ, ಅವರಿಗೆ ಹೇಳಿಯೇ ಇಡುತ್ತೇವೆ. ಡಬ್ಬಿಯ ಫೋಟೋವನ್ನು ಮೊದಲೇ ಎಲ್ಲರಿಗೂ ಕಳುಹಿಸುತ್ತೇವೆ. ಮುತ್ಲಾದಲ್ಲಿ ನಾವು ಮಾಡಿದ ದೊಡ್ಡ ತಪ್ಪೇ ಅದು. ಡಬ್ಬಿ ಹೇಗಿದೆ ಅಂತ ಹುಡುಗನಿಗೆ ಗೊತ್ತಿದ್ದಿದ್ದರೆ ಅವನು ಬಗ್ಗುತ್ತಲೇ ಇರಲಿಲ್ಲ.

ಹೊರಡುವ ಮುನ್ನ

ಯಾವಾಗ: ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ಕುವೈಟಿಗಳು ಮರುಭೂಮಿಯಲ್ಲಿ ಡೇರೆ ಹಾಕುವ ಕಾಲವೂ ಸಾಮಾನ್ಯವಾಗಿ ಇದೇ. ಡೇರೆ ಹಾಕಲು ಪುರಸಭೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಹೋಗುವ ಯೋಚನೆಯೇ ಬೇಡ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 11ರಿಂದ 4ರ ನಡುವೆ ಬಯಲಲ್ಲಿ ದುಡಿಸುವುದಕ್ಕೇ ನಿಷೇಧ ಇರುವಾಗ ಆಟ ಎಲ್ಲಿಂದ?

ಎಲ್ಲಿ ಬೇಡ: ಎಣ್ಣೆ ಬಾವಿಗಳ ಪ್ರದೇಶ, ಸೇನೆಯ ಜಾಗ, ಇರಾಕ್ ಮತ್ತು ಸೌದಿ ಗಡಿಯ ಹತ್ತಿರ, ಬೇಲಿ ಇರುವ ಯಾವುದೇ ಜಾಗ. ಇಂಥ ಕಡೆ ಫೋಟೋ ತೆಗೆಯುವುದೂ ಅಪರಾಧ. ಸಬಾಹ್ ಅಲ್ ಅಹ್ಮದ್ ಸಂರಕ್ಷಿತ ಪ್ರದೇಶದಂಥ ಕಡೆ ಅನುಮತಿ ಇಲ್ಲದೆ ಪ್ರವೇಶ ಇಲ್ಲ. ಕಡಲ ಹತ್ತಿರದ ಉಪ್ಪು ಜೌಗಿನಲ್ಲಿ ಮೇಲಿಂದ ಗಟ್ಟಿ ಕಂಡರೂ ಕಾರು ಹೂತು ಹೋಗುತ್ತದೆ.

ಏನು ಬೇಕು: ಸಿವಿಲ್ ಐಡಿ, ತಲೆಗೆ ಕನಿಷ್ಠ 3 ಲೀಟರ್ ನೀರು, ಪೂರ್ತಿ ಚಾರ್ಜ್ ಆದ ಎರಡು ಫೋನ್, ಪವರ್ ಬ್ಯಾಂಕ್, ಗಟ್ಟಿ ಶೂ (ಚಪ್ಪಲಿ ಬೇಡ), ಟೊಪ್ಪಿ, ಕಸದ ಚೀಲ. ಕಸ ಬಿಸಾಡಿದರೆ 2014ರ ಪರಿಸರ ಕಾಯ್ದೆಯ ಪ್ರಕಾರ ದಂಡ ಬೀಳುತ್ತದೆ.

ಯಾರಿಗೆ ಹೇಳಬೇಕು: ರೂಮಿನಲ್ಲಿ ಉಳಿದವರೊಬ್ಬರಿಗೆ ಜಾಗದ ಅಂಕಿ ಮತ್ತು ವಾಪಸ್ ಬರುವ ಹೊತ್ತು ಬರೆದು ಕೊಡಿ. ಸಂಜೆಯಾದರೂ ಸುದ್ದಿ ಇಲ್ಲದಿದ್ದರೆ ಏನು ಮಾಡಬೇಕು ಅಂತಲೂ ಹೇಳಿಡಿ. ಕಾರು ಮರಳಿನಲ್ಲಿ ಹೂತರೆ ಕಾರು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಮೊದಲು ಕಾಣುವುದು ಕಾರು.

ಖರ್ಚು: ನನ್ನ ಲೆಕ್ಕ ಕೊಡುತ್ತೇನೆ. ಫರ್ವಾನಿಯಾದಿಂದ ಮುತ್ಲಾಕ್ಕೆ ಹೋಗಿ ಬರಲು ಸುಮಾರು 100 ಕಿಲೋಮೀಟರ್. 10 ಲೀಟರ್ ಪೆಟ್ರೋಲ್, ಲೀಟರಿಗೆ 85 ಫಿಲ್ಸ್‌ನಂತೆ 850 ಫಿಲ್ಸ್. ಐದು ಜನರಿಗೆ ಹಂಚಿದರೆ ತಲೆಗೆ 170 ಫಿಲ್ಸ್. ತಿಂಡಿ ಮನೆಯಿಂದ. ಆಪ್‌ನ ಸಾಮಾನ್ಯ ಆವೃತ್ತಿಗೆ ದುಡ್ಡಿಲ್ಲ. ಮಾಲ್‌ನಲ್ಲಿ ಒಂದು ಕಾಫಿ ಕುಡಿಯುವ ದುಡ್ಡಿಗಿಂತ ಕಡಿಮೆಯಲ್ಲಿ ಐದು ಜನರ ಒಂದು ದಿನ ಮುಗಿಯುತ್ತದೆ.

ಆಟ ಆಡದವರಿಗೂ ಇದು ಬೇಕು

ಸಿಟಿಯಲ್ಲಿ ಪ್ರತಿ ಕಟ್ಟಡಕ್ಕೂ ಪಾಸಿ ನಂಬರ್ ಇದೆ. ಕುವೈಟ್ ಫೈಂಡರ್ ಆಪ್‌ನಲ್ಲಿ ಹಾಕಿದರೆ ಬಾಗಿಲಿಗೇ ಕರೆದುಕೊಂಡು ಹೋಗುತ್ತದೆ. ಮರುಭೂಮಿಯಲ್ಲಿ ಬ್ಲಾಕ್ ಇಲ್ಲ, ಸ್ಟ್ರೀಟ್ ಇಲ್ಲ. ಕಬ್ದ್‌ನ ಜಾಖೂರ್‌ಗಳಲ್ಲಿ ಕುರಿ ಒಂಟೆ ನೋಡಿಕೊಳ್ಳುವವರು, ವಫ್ರಾ ಮತ್ತು ಅಬ್ದಲಿಯ ತೋಟಗಳಲ್ಲಿ ಇರುವವರು, ಮಾಲೀಕರ ಡೇರೆಗೆ ಸಾಮಾನು ಸಾಗಿಸುವ ಹೌಸ್ ಡ್ರೈವರ್‌ಗಳು, ಇವರಲ್ಲಿ ನಮ್ಮವರೂ ಇದ್ದಾರೆ. ಎದೆ ನೋವು ಬಂದರೆ, ಹಾವು ಕಚ್ಚಿದರೆ ಆಂಬುಲೆನ್ಸ್‌ಗೆ ಏನು ವಿಳಾಸ ಹೇಳುವುದು? ಆಗ ಇರುವ ವಿಳಾಸ ಆ ಎರಡು ಅಂಕಿಗಳು ಮಾತ್ರ.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ಗೂಗಲ್ ಮ್ಯಾಪ್ ತೆರೆದು ನೀವು ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತದೆ. ಕುವೈಟ್‌ನ ಒಳಗಿದ್ದರೆ ಮೊದಲನೆಯದು 28 ಅಥವಾ 29ರಿಂದ, ಒಂದು ತುಂಡು ಉತ್ತರದಲ್ಲಿ 30ರಿಂದ ಶುರುವಾಗುತ್ತದೆ. ಎರಡನೆಯದು 46, 47 ಅಥವಾ 48ರಿಂದ. ಅದನ್ನು ಒಂದೊಂದೇ ಅಂಕಿಯಾಗಿ ಜೋರಾಗಿ ಓದುವ ಅಭ್ಯಾಸ ಮಾಡಿ, ಇಂಗ್ಲಿಷ್‌ನಲ್ಲೂ ಅರಬಿಯಲ್ಲೂ. ಕೇಳಿದವರು ಬರೆದುಕೊಂಡು ವಾಪಸ್ ಓದಿ ಹೇಳಲಿ. ನಂತರ ಅದನ್ನೇ ವಾಟ್ಸಾಪ್‌ನಲ್ಲೂ ಕಳುಹಿಸಿ. ನಮ್ಮ ಗುಂಪಿನಲ್ಲಿ ಕಾಕಾ ಹೆಚ್ಚು ಓದಿದವರಲ್ಲ, ಆದರೆ ಈಗ ನಮ್ಮೆಲ್ಲರಿಗಿಂತ ವೇಗವಾಗಿ, ತಪ್ಪಿಲ್ಲದೆ ಅಂಕಿ ಹೇಳುವವರು ಅವರೇ.

ರಜೆಯಲ್ಲಿ ಊರಿಗೆ ಹೋದಾಗ

ಊರಿನಲ್ಲೂ ಈ ಆಟ ಆಡಬಹುದು. ಬೆಂಗಳೂರಿನ ಕಡೆ ಡಬ್ಬಿಗಳಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬದಂಥ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಡಬ್ಬಿ ಇಲ್ಲದ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಆದರೆ ಒಂದು ಎಚ್ಚರಿಕೆ. ಮೊಬೈಲಿನ ಜಿಪಿಎಸ್‌ಗೆ ತೊಂದರೆ ಇಲ್ಲ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ಅಥವಾ ಸ್ಯಾಟಲೈಟ್ ಫೋನ್‌ಗಳನ್ನು ಇಲ್ಲಿಂದ ಕೊಂಡು ಹೋಗಬೇಡಿ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಂಡರೆ ಭಾರತದಲ್ಲಿ ವಿಮಾನ ನಿಲ್ದಾಣದಲ್ಲೇ ಕೇಸು ಬೀಳುತ್ತದೆ.

ಕಳೆದ ರಜೆಯಲ್ಲಿ ನಾನು ಮನೆ ತಲುಪಿದ ಮರುದಿನ ಬೆಳಿಗ್ಗೆ ಎಂಟನೇ ಕ್ಲಾಸಿನ ಮಗಳು ಒಂದು ಚೀಟಿ ಕೊಟ್ಟಳು. ಅದರಲ್ಲಿ ಎರಡು ಅಂಕಿ, ಮೂರು ದಶಮಾಂಶದವರೆಗೆ ಮಿನಿಟ್. ಮನೆ ಹಿಂದಿನ ಗುಡ್ಡೆ ಹತ್ತಿ, ಗೇರು ಮರದ ಬುಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಹಳೆಯ ಬೋರ್ನ್‌ವಿಟಾ ಡಬ್ಬಿ. ಒಳಗೆ ಒಂದು ನೋಟ್ ಪುಸ್ತಕ. ನಾನು ಇಲ್ಲದ ಹನ್ನೊಂದು ತಿಂಗಳಲ್ಲಿ ಅವಳು ಪ್ರತಿ ಶುಕ್ರವಾರ ಅಲ್ಲಿಗೆ ಹೋಗಿ ತಾರೀಕು ಹಾಕಿ ಒಂದೊಂದು ಸಾಲು ಬರೆದಿಟ್ಟಿದ್ದಳು. ನಾನು ಫೋನಿನಲ್ಲಿ ಮುತ್ಲಾ, ಜಹ್ರಾ ಅಂತೆಲ್ಲ ಹೇಳುತ್ತಿದ್ದದ್ದು ಅವಳಿಗೆ ಅಷ್ಟು ನಾಟಿತ್ತು. ಕೊನೆಯ ಪುಟದಲ್ಲಿ ಹೆಸರು, ತಾರೀಕು ಬರೆದು, ನಿಯಮದ ಪ್ರಕಾರ ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬಂದೆ.

ಈ ಚಳಿಗಾಲದಲ್ಲಿ ನೀವೂ ನಾಲ್ಕು ಗೆಳೆಯರನ್ನು ಸೇರಿಸಿಕೊಳ್ಳಿ. ಮೊದಲ ವಾರ ಶೆರಟಾನ್ ರೌಂಡ್‌ಅಬೌಟ್‌ನಿಂದಲೇ ಶುರು ಮಾಡಿ. ಮರುಭೂಮಿಗೆ ಹೋದ ದಿನ ಮಾತ್ರ ಕಾಕಾನ ಮಾತು ನೆನಪಿರಲಿ: ನೋಡಿ, ನಡೆಯಿರಿ, ಹೆಕ್ಕಬೇಡಿ.